ಹಾಳೂರಿಗೆ ಉಳಿದವರು

ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆ ನಮ್ಮ ಜನರ ಬಾಯಲ್ಲಿದೆ. ಊರು ಹಾಳಾಗಿ ಎಲ್ಲರೂ ಬಿಟ್ಟು ಹೋದ ಮೇಲೆ, ಹೋಗಲು ದಿಕ್ಕಿಲ್ಲದೆ ಉಳಿದವನಿಗೆ ಕಡೇಪಕ್ಷ ಆ ಹಾಳಿನ ಯಜಮಾನಿಕೆಯಾದರೂ ದಕ್ಕುತ್ತದೆ ಎಂಬುದು ಅದರ ಒಳಗಿನ ಕುಚೋದ್ಯ. ಹಂಪಿಯಲ್ಲಿ ಈ ಗಾದೆಯೂ ಸುಳ್ಳಾಯಿತು. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧ ಸೋತ ಸುದ್ದಿ ಬಂದ ಕೂಡಲೇ ಅರಮನೆಯವರು ನೂರಾರು ಆನೆಗಳ ಮೇಲೆ ಹೊನ್ನು, ವಜ್ರ ಹೇರಿಕೊಂಡು ಪೆನುಗೊಂಡೆಯ ದಾರಿ ಹಿಡಿದರು. ಆನೆ ಇಲ್ಲದವರು ಉಳಿದರು.

ಉಳಿದವರ ಚರಿತ್ರೆಯನ್ನು ಯಾರೂ ಬರೆಯಲಿಲ್ಲ. ಅರಸರ ಚರಿತ್ರೆ 1565ಕ್ಕೆ ಮುಗಿಯುತ್ತದೆ, ಪ್ರವಾಸಿಗಳ ಚರಿತ್ರೆ ಬ್ರಿಟಿಷರ ಕಾಲಕ್ಕೆ ಶುರುವಾಗುತ್ತದೆ. ನಡುವೆ ಏನೂ ಇರಲಿಲ್ಲ, ಬರೀ ಕಲ್ಲು, ಕಾಡು, ಕರಡಿ ಅಂತ ನಮಗೆ ಶಾಲೆಯಲ್ಲಿ ಹೇಳಿಕೊಟ್ಟರು. 1900ರಲ್ಲಿ ರಾಬರ್ಟ್ ಸೆವೆಲ್ ಎಂಬ ಬ್ರಿಟಿಷ್ ಅಧಿಕಾರಿ ವಿಜಯನಗರದ ಮೇಲೆ ಪುಸ್ತಕ ಬರೆದು ಅದಕ್ಕೆ ‘ಮರೆತುಹೋದ ಸಾಮ್ರಾಜ್ಯ’ ಎಂದು ಹೆಸರಿಟ್ಟ. ಯಾರು ಮರೆತದ್ದು ಸ್ವಾಮಿ? ವಿರೂಪಾಕ್ಷನ ತೇರು ಎಳೆಯುವವರು ಮರೆತಿರಲಿಲ್ಲ. ತುರ್ತು ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆಗಳಲ್ಲಿ ಹೂಳು ತೆಗೆದು, ತೂಬು ಸರಿಮಾಡಿ, ನೀರು ಹಾಯಿಸಿಕೊಂಡು ಭತ್ತ, ಬಾಳೆ, ಕಬ್ಬು ಬೆಳೆಯುತ್ತಿದ್ದವರು ಮರೆತಿರಲಿಲ್ಲ. ಅರಮನೆ ಸುಟ್ಟು ಬೂದಿಯಾಯಿತು, ಕಾಲುವೆ ನಿಲ್ಲಲಿಲ್ಲ. ವಿಜಯನಗರದ ಕಾಲದಲ್ಲಿ ಕಟ್ಟಿದ್ದರಲ್ಲಿ ಇವತ್ತಿಗೂ ತನ್ನ ಕೆಲಸ ಮಾಡುತ್ತಿರುವುದು ಏನಾದರೂ ಇದ್ದರೆ ಅದು ಈ ಕಾಲುವೆಗಳೇ. ಆದರೆ 50 ರೂಪಾಯಿ ನೋಟಿನ ಬೆನ್ನ ಮೇಲೆ 2017ರಿಂದ ಅಚ್ಚಾಗುತ್ತಿರುವುದು ಕಲ್ಲಿನ ರಥ. ಅದು ಒಂದಿಂಚೂ ಚಲಿಸದ ರಥ.

ಹಂಪಿಯನ್ನು ನೋಡುವ ಜಾಗವಾಗಿ ಮಾಡಿದ್ದು ಯಾರು, ಹೇಗೆ ಎಂಬುದನ್ನು ಮೊದಲು ತಿಳಿಯಬೇಕು. 1800ರ ಆಸುಪಾಸಿನಲ್ಲಿ ಕರ್ನಲ್ ಮೆಕೆಂಜಿ ಅಲ್ಲಿನ ಮೊದಲ ನಕ್ಷೆ ಮಾಡಿಸಿದ. 1856ರಲ್ಲಿ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ದೊಡ್ಡ ಕ್ಯಾಮರಾ ಹೊತ್ತು ತಂದು ಚಿತ್ರ ತೆಗೆದ. ಹೊತ್ತವನು ಅವನಾಗಿರಲಾರ, ಯಾವನೋ ಕೂಲಿಯವನು ಇದ್ದಿರಬೇಕು. 1917ರಲ್ಲಿ ಲಾಂಗ್‌ಹರ್ಸ್ಟ್ ‘ಹಂಪಿಯ ಅವಶೇಷಗಳು’ ಎಂಬ ಅರ್ಥದ ಹೆಸರಿನ ಕೈಪಿಡಿ ಬರೆದ. ಹೀಗೆ ಹಂಪಿ ಎಂದರೆ ಅವಶೇಷ ಎಂದಾಯಿತು. ಅವಶೇಷವೆಂದರೆ ಅಲ್ಲಿ ಜನ ಇರಕೂಡದು. ಇದ್ದರೆ ಅವರು ಚಿತ್ರದಲ್ಲಿ ಅಡ್ಡ ಬಂದವರು. 1986ರಲ್ಲಿ ಯುನೆಸ್ಕೋ ಹಂಪಿಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ನಮ್ಮವರು ಹೆಮ್ಮೆಪಟ್ಟರು. ಪಡಲಿ, ತಪ್ಪೇನಿಲ್ಲ. ಆದರೆ ‘ವಿಶ್ವ’ದ ಆಸ್ತಿಯಾದ ಕ್ಷಣದಿಂದ ಕಮಲಾಪುರದವನಿಗೆ, ಕಡ್ಡಿರಾಂಪುರದವನಿಗೆ, ಆನೆಗೊಂದಿಯವನಿಗೆ ತನ್ನ ಮನೆಯ ಗೋಡೆ ಎತ್ತರಿಸಲು ಇನ್ನೊಬ್ಬರ ಸಹಿ ಬೇಕಾಯಿತು. 2002ರಲ್ಲಿ ಸರ್ಕಾರ ಹಂಪಿ ವಿಶ್ವ ಪರಂಪರಾ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಾಯ್ದೆ ಮಾಡಿತು. 29 ಹಳ್ಳಿಗಳು ಅದರ ಹಿಡಿತಕ್ಕೆ ಬಂದವು. ಜನತಾ ಮನೆಗೆ ಇನ್ನೊಂದು ಕೋಣೆ ಹಾಕಿಕೊಳ್ಳುವ ಬಡವನೂ, ಹತ್ತು ಎಕರೆಯಲ್ಲಿ ರೆಸಾರ್ಟು ಎಬ್ಬಿಸುವ ಧಣಿಯೂ ಕಾನೂನಿನ ಎದುರು ಒಂದೇ ಎಂದರು. ಆದರೆ ಧಣಿಗೆ ವಕೀಲ ಇದ್ದ, ಬಡವನಿಗೆ ನೋಟೀಸು ಓದಿ ಹೇಳುವವರೂ ಇರಲಿಲ್ಲ.

ಹಂಪಿಗೆ ಹೋದವರೆಲ್ಲ ಗೈಡು ಹೇಳುವ ಮಾತು ಕೇಳಿರುತ್ತೀರಿ. ‘ಇಲ್ಲಿ ಮುತ್ತು ರತ್ನ ಸೇರಿನಲ್ಲಿ ಅಳೆದು ಮಾರುತ್ತಿದ್ದರು.’ ಶಾಲಾ ಮಕ್ಕಳು ಬಾಯಿ ತೆರೆದುಕೊಂಡು ಕೇಳುತ್ತಾರೆ. ಅಳೆದವರ ಕೈಗೆ ಎಷ್ಟು ಸಿಕ್ಕಿತು ಅಂತ ಒಬ್ಬ ಹುಡುಗನೂ ಕೇಳುವುದಿಲ್ಲ, ಮೇಷ್ಟರೂ ಕೇಳಿಸುವುದಿಲ್ಲ. ಗ್ರಾಮಾಂತರದ ಮೇಷ್ಟರುಗಳು ಇದನ್ನು ಓದುತ್ತಿದ್ದರೆ ಅವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಕಲ್ಲಿನ ರಥಕ್ಕೆ ಹೋಗುವ ಮುಂಚೆ ದಾರಿಬದಿಯ ಬಂಡೆಗಳನ್ನು ತೋರಿಸಿರಿ. ಸಾಲಾಗಿ ಚೌಕನೆಯ ತೂತುಗಳು ಕಾಣುತ್ತವೆ. ಬಂಡೆ ಸೀಳುವುದಕ್ಕೆ ಬೆಣೆ ಹೊಡೆದ ಗುರುತುಗಳು ಅವು. ಕೆಲವು ಬಂಡೆ ಅರ್ಧ ಸೀಳಿ ಹಾಗೇ ನಿಂತಿವೆ. ಆ ತೂತು ಹೊಡೆದವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಆದರೆ ಬಂಡೆ ಸೀಳುವ ಆ ಕಸುಬನ್ನು ಇವತ್ತಿಗೂ ಕೈಯಲ್ಲಿ ಹಿಡಿದುಕೊಂಡಿರುವ ಕಲ್ಲುವಡ್ಡರು ನಮ್ಮ ನಡುವೆ ಇದ್ದಾರೆ. ಗುಡಿ ಕಟ್ಟಿಸಿದ ರಾಜನ ಹೆಸರು ಹತ್ತು ಕಡೆ ಕೆತ್ತಿದೆ. ಕೆತ್ತಿದವನ ಹೆಸರು ಒಂದು ಕಡೆಯೂ ಇಲ್ಲ.

ಪೋರ್ಚುಗಲ್ಲಿನ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ. ರೋಮಿನಷ್ಟು ದೊಡ್ಡ ಊರು ಎಂದು ಅವನು ಹೊಗಳಿದ ಮಾತನ್ನು ನಮ್ಮ ಪಂಡಿತರು ಬಾಯಿಪಾಠ ಮಾಡಿಕೊಂಡಿದ್ದಾರೆ. ಅದೇ ಪಾಯೆಸ್ ಬರೆದ ಇನ್ನೊಂದು ಸಂಗತಿ ಪ್ರವಾಸೋದ್ಯಮ ಇಲಾಖೆಯ ಬಣ್ಣದ ಹಾಳೆಗಳಲ್ಲಿ ಬರುವುದಿಲ್ಲ. ಕೃಷ್ಣದೇವರಾಯ ಎರಡು ಗುಡ್ಡಗಳ ನಡುವೆ ದೊಡ್ಡ ಕೆರೆ ಕಟ್ಟಿಸುತ್ತಿದ್ದ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಮುತ್ತಿಕೊಂಡು ದುಡಿಯುತ್ತಿದ್ದರು, ಅವರು ನಡೆಯುವ ನೆಲವೇ ಕಾಣುತ್ತಿರಲಿಲ್ಲ ಎನ್ನುತ್ತಾನೆ ಅವನು. ಕೆರೆಯ ಏರಿ ಎರಡು ಮೂರು ಸಲ ಒಡೆಯಿತು. ಬ್ರಾಹ್ಮಣರನ್ನು ಕೇಳಿದರೆ, ದೇವರು ಮುನಿದಿದ್ದಾನೆ, ನರಬಲಿ ಕೊಡಬೇಕು ಎಂದರು. ಗುಡಿಯ ಬಾಗಿಲಲ್ಲಿ 60 ಮನುಷ್ಯರ ತಲೆ ಕಡಿಯಲಾಯಿತು, ಜೊತೆಗೆ ಕುದುರೆ, ಕೋಣಗಳ ತಲೆ. ಹೊಸಪೇಟೆಯ ದಕ್ಷಿಣಕ್ಕಿರುವ ರಾಯರ ಕೆರೆಯೇ ಅದು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕೆರೆಗೆ ಹಾರವಾದ ಭಾಗೀರಥಿಯ ಕಥೆ ನಮ್ಮ ಹೆಣ್ಣುಮಕ್ಕಳು ಹಾಡಿ ಉಳಿಸಿಕೊಂಡರು, ಅವಳಿಗೊಂದು ಹೆಸರು ಇತ್ತು. ಈ ಅರವತ್ತು ಜನಕ್ಕೆ ಹಾಡೂ ಇಲ್ಲ, ಹೆಸರೂ ಇಲ್ಲ. ಅವರು ಯಾವ ಕೇರಿಯವರು ಇದ್ದಿರಬಹುದು ಎಂದು ಊಹಿಸಲು ಬಹಳ ವಿದ್ವತ್ತು ಬೇಕಾಗಿಲ್ಲ.

ಅಚ್ಯುತರಾಯನ ಗುಡಿಯ ಮುಂದೆ ಉದ್ದಕ್ಕೆ ಒಂದು ಬೀದಿ ಇದೆ. ಅದರ ಹೆಸರು ಸೂಳೆ ಬಜಾರು. ಫಲಕ ನೋಡಿ ನಕ್ಕು ಫೋಟೋ ತೆಗೆಸಿಕೊಳ್ಳುವವರನ್ನು ಯಾರು ಬೇಕಾದರೂ ಅಲ್ಲಿ ಕಾಣಬಹುದು. 1443ರಲ್ಲಿ ಬಂದಿದ್ದ ಪರ್ಷಿಯಾದ ಅಬ್ದುಲ್ ರಜಾಕ್, ಈ ಊರಿನ ಹನ್ನೆರಡು ಸಾವಿರ ಕಾವಲಿನವರ ಸಂಬಳ ವೇಶ್ಯೆಯರ ಮೇಲಿನ ತೆರಿಗೆಯಿಂದ ಬರುತ್ತಿತ್ತು ಎಂದು ಬರೆದ. ಅಂದರೆ ಸಾಮ್ರಾಜ್ಯದ ರಾಜಧಾನಿಯ ಪೋಲೀಸು ಸಾಕುತ್ತಿದ್ದದ್ದು ಹೆಂಗಸರ ಮೈ. ಇದನ್ನು ‘ವೈಭವ’ ಎಂಬ ಶಬ್ದದಲ್ಲಿ ಸುತ್ತಿ ಕೊಡುತ್ತಾರೆ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ ಸರ್ಕಾರ ಮಾಡಿದ್ದು 1982ರಲ್ಲಿ. ಆಮೇಲೂ ಸರ್ಕಾರವೇ ಎರಡು ಸಲ ನಡೆಸಿದ ಎಣಿಕೆಯಲ್ಲಿ ಬಳ್ಳಾರಿ, ಕೊಪ್ಪಳದ ಸೀಮೆಯ ದಲಿತ ಕೇರಿಗಳಿಂದ ಸಾವಿರಾರು ತಾಯಂದಿರ ಹೆಸರು ಬಂತು. ಸೂಳೆ ಬಜಾರಿನ ಕಲ್ಲುಕಂಬಗಳಿಗೆ ಬೇಲಿ ಹಾಕಿ ರಕ್ಷಣೆ ಕೊಟ್ಟಿದ್ದೇವೆ. ಅದೇ ಸೀಮೆಯ ಆ ತಾಯಂದಿರ ಮಾಸಾಶನಕ್ಕೆ ಅವರು ತಾಲೂಕು ಕಚೇರಿಯ ಮೆಟ್ಟಿಲು ಸವೆಸಬೇಕು.

ಮಾತಂಗ ಬೆಟ್ಟದ ಕಥೆ ಇನ್ನೂ ಸ್ವಾರಸ್ಯ. ಸೂರ್ಯ ಹುಟ್ಟುವುದನ್ನು ನೋಡಲು ದೇಶವಿದೇಶದವರು ಕತ್ತಲಲ್ಲೇ ಆ ಬೆಟ್ಟ ಹತ್ತುತ್ತಾರೆ. ವಾಲಿಗೆ ಹೆದರಿದ ಸುಗ್ರೀವ ಮಾತಂಗ ಮುನಿಯ ಆಶ್ರಯಕ್ಕೆ ಬಂದ ಬೆಟ್ಟ ಎಂದು ಗೈಡು ಹೇಳಿ ಮುಗಿಸುತ್ತಾನೆ. ಮಾದಿಗರು ತಮ್ಮ ಕುಲದ ಬೇರನ್ನು ಮಾತಂಗನಿಗೆ, ಜಾಂಬವಂತನಿಗೆ ಕಟ್ಟಿ ಹೇಳುವ ಕಥೆಗಳು ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಇವೆ. ಮಾತಂಗನ ಆಶ್ರಮದಲ್ಲಿದ್ದ ಶಬರಿ ಬೇಡರ ಹೆಂಗಸು. ಪಂಪೆಯೂ ಇಲ್ಲಿಯ ನೆಲದ ದೇವತೆ. ವಿರೂಪಾಕ್ಷನಿಗೆ ಮದುವೆ ಮಾಡಿಕೊಟ್ಟ ಮೇಲೆ ಅವಳು ಗುಡಿಯ ಒಂದು ಮಗ್ಗುಲಿಗೆ ಸರಿದಳು. ಅಂದರೆ ಈ ಕಲ್ಲುಗುಡ್ಡಗಳ ಮೊದಲ ವಾರಸುದಾರರು ಯಾರು ಎಂಬುದು ಪುರಾಣಕ್ಕೂ ಗೊತ್ತು. ಪ್ರವಾಸೋದ್ಯಮಕ್ಕೆ ಮಾತ್ರ ಗೊತ್ತಿಲ್ಲ. ಅದಕ್ಕೆ ಬೇಕಾದದ್ದು ಬೇರೆ ಪುರಾಣ. ಆನೆಗೊಂದಿಯ ಅಂಜನಾದ್ರಿ ಬೆಟ್ಟವೇ ಹನುಮಂತನ ಹುಟ್ಟೂರು ಎಂದು ನಾವು, ಅಲ್ಲ ತಿರುಮಲೆಯಲ್ಲಿದೆ ಎಂದು ತಿರುಪತಿಯವರು 2021ರಲ್ಲಿ ಜಗಳ ತೆಗೆದರು. ಮರುವರ್ಷದ ಬಜೆಟ್ಟಿನಲ್ಲಿ ಅಂಜನಾದ್ರಿಗೆ 100 ಕೋಟಿ ಎಂದು ಸರ್ಕಾರ ಘೋಷಿಸಿತು. ಹನುಮಂತನೇನೋ ಈ ಭಾಗದ ದುಡಿಯುವ ಜನರ ದೇವರೇ, ಊರಿಗೊಂದು ಹನುಮಪ್ಪನ ಗುಡಿ ಇದೆ. ಆದರೆ ಆ ಗುಡಿಗಳ ಕಟ್ಟೆಯ ಮೇಲೆ ಕೂರಲು ನಮ್ಮ ಕೇರಿಯವರಿಗೆ ಬಿಡುತ್ತಾರೆಯೇ ಎಂದು ಈ ಹುಟ್ಟೂರಿನ ಪಂಡಿತರು ಒಂದು ಸಲವಾದರೂ ವಿಚಾರಿಸಿದ್ದರೆ ಚೆನ್ನಾಗಿತ್ತು.

ಮುಸಲ್ಮಾನರ ವಿಷಯವೂ ಹೀಗೇ. ‘ತುರುಕರು ಆರು ತಿಂಗಳು ಹಾಳು ಮಾಡಿದರು’ ಎಂಬುದು ಕಲ್ಲುಕಲ್ಲಿಗೂ ಅಂಟಿಸಿರುವ ಮಾತು. ಅದೇ ಹಂಪಿಯಲ್ಲಿ 1439ರಲ್ಲಿ ಅಹಮದ್ ಖಾನ್ ಎಂಬ ಸೈನ್ಯದ ಅಧಿಕಾರಿ ತನ್ನ ದೊರೆ ದೇವರಾಯನಿಗೆ ಪುಣ್ಯ ಬರಲಿ ಎಂದು ಕಟ್ಟಿಸಿದ ಮಸೀದಿ ಇದೆ. ಅಲ್ಲಿನ ಶಾಸನ ಅದನ್ನು ಧರ್ಮಶಾಲೆ ಎಂದು ಕರೆಯುತ್ತದೆ. ಎಷ್ಟು ಪ್ರವಾಸಿ ಬಸ್ಸು ಅಲ್ಲಿ ನಿಲ್ಲುತ್ತದೆ? ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದೇ ಎರಡನೆಯ ದೇವರಾಯನ ಕಾಲದಲ್ಲಿ, 1429ರಲ್ಲಿ, ತಮಿಳು ಸೀಮೆಯ ಎಡಗೈ ಬಲಗೈ ಜಾತಿಗಳು ಒಂದಾಗಿ, ರಾಜನ ಅಧಿಕಾರಿಗಳೂ ಭೂಮಾಲೀಕರೂ ಹೇರಿದ ಅನ್ಯಾಯದ ತೆರಿಗೆಗೆ ಎದುರು ನಿಂತು ತಮ್ಮ ತೀರ್ಮಾನವನ್ನು ಕಲ್ಲಿನ ಮೇಲೆ ಕೆತ್ತಿಸಿದವು. ಸಾಮ್ರಾಜ್ಯದ ಚರಿತ್ರೆಯಲ್ಲಿ ನನಗೆ ತೋರುವ ಮಟ್ಟಿಗೆ ಅದಕ್ಕಿಂತ ದೊಡ್ಡ ವೈಭವ ಇಲ್ಲ. ಇವತ್ತು ಎಡಗೈ ಬಲಗೈ ಎಂದು ಬಡಿದಾಡಿಕೊಳ್ಳುವ ನಮ್ಮ ಗೆಳೆಯರು ಆರು ನೂರು ವರ್ಷದ ಹಿಂದಿನ ಆ ಕಲ್ಲುಗಳನ್ನು ಒಮ್ಮೆ ಓದಬೇಕು.

ಈಗ ಬಜಾರಿಗೆ ಬರೋಣ. ವಿರೂಪಾಕ್ಷ ಗುಡಿಯ ಮುಂದಿನ ತೇರುಬೀದಿಯ ಎರಡೂ ಕಡೆ ಕಲ್ಲಿನ ಮಂಟಪಗಳ ಸಾಲು. ಆ ಮಂಟಪಗಳಲ್ಲಿ, ಅವುಗಳ ಸುತ್ತಮುತ್ತ ಜನ ಇದ್ದರು. ಎಲ್ಲರೂ 1565ರಿಂದ ಇದ್ದವರೇನಲ್ಲ. ಬಹಳ ಜನ ಕಳೆದ ಎರಡು ಮೂರು ತಲೆಮಾರುಗಳಲ್ಲಿ ಬಂದು ನೆಲೆಸಿದವರು, ಹೂವು, ಕಾಯಿ ಮಾರುವವರು, ಚಹಾದಂಗಡಿಯವರು, ಸೈಕಲ್ ಬಾಡಿಗೆಯವರು, ಖಾನಾವಳಿಯವರು. ಪ್ರವಾಸಿಗಳು ಹೆಚ್ಚಿದಂತೆ ಮನೆಗೆ ಮಹಡಿ ಎಬ್ಬಿಸಿದರು, ಕಂಬಕ್ಕೆ ಸಿಮೆಂಟು ಮೆತ್ತಿದರು, ಫಲಕ ತೂಗುಹಾಕಿದರು. ಇದೆಲ್ಲ ನಿಜ. ಸ್ಮಾರಕಕ್ಕೆ ಧಕ್ಕೆಯಾಗಿದ್ದೂ ನಿಜ. ಆದರೆ ಬಜಾರು ಎಂದರೆ ಏನು? ಕೊಳ್ಳುವವರು ಮಾರುವವರು ಇರುವ ಜಾಗ. ಪಾಯೆಸನ ಕಾಲದಲ್ಲೂ ಅದು ಬಜಾರೇ ಆಗಿತ್ತು, 2011ರಲ್ಲೂ ಬಜಾರೇ ಆಗಿತ್ತು. ಐನೂರು ವರ್ಷದ ಉಪಯೋಗ ಮುರಿದದ್ದು ಜೆಸಿಬಿ.

2011ರ ಜುಲೈ ಕೊನೆಯಲ್ಲಿ ಯಂತ್ರಗಳು ಬಂದವು. ಕೋರ್ಟಿನ ಆದೇಶ ಇದೆ ಎಂದರು. ಸಾಮಾನು ತೆಗೆದುಕೊಳ್ಳಲು ಸರಿಯಾದ ಹೊತ್ತನ್ನೂ ಕೊಡಲಿಲ್ಲ. ಮುನ್ನೂರಕ್ಕೂ ಹೆಚ್ಚು ಕುಟುಂಬಗಳ ಮನೆ, ಅಂಗಡಿ ನೆಲಸಮವಾದವು. ಮಳೆಗಾಲ. ನಾಲ್ಕು ಕಿಲೋಮೀಟರ್ ಆಚೆ ಕಡ್ಡಿರಾಂಪುರದಲ್ಲಿ ಜಾಗ ಕೊಡುತ್ತೇವೆ ಎಂದರು, ಬಹಳ ಕುಟುಂಬಗಳು ಅದಕ್ಕೆ ವರ್ಷಗಟ್ಟಲೆ ಕಾದವು. ಜಾಗ ಸಿಕ್ಕರೂ ಏನು ಮಾಡಬೇಕು? ಗುಡಿಯ ಮುಂದೆ ಕೂತು ಹೂವು ಮಾರುವವಳು ನಾಲ್ಕು ಕಿಲೋಮೀಟರ್ ಆಚೆ ಯಾರಿಗೆ ಹೂವು ಮಾರಬೇಕು? ‘ಮನಿ ಕೊಡ್ತೀವಿ ಅಂತಾರ, ಹೊಟ್ಟಿಗೆ ಏನ್ ಕೊಡ್ತಾರ?’ ಎಂಬ ಪ್ರಶ್ನೆಗೆ ಯಾವ ಮಾಸ್ಟರ್ ಪ್ಲಾನಿನಲ್ಲೂ ಉತ್ತರ ಇಲ್ಲ.

ಆ ವಾರವನ್ನು ಇನ್ನೊಂದು ಕಾರಣಕ್ಕೆ ನೆನಪಿಟ್ಟುಕೊಳ್ಳಬೇಕು. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತರ ವರದಿ ಸರ್ಕಾರದ ಕೈಸೇರಿದ್ದು 2011ರ ಜುಲೈ 27ರಂದು. ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ್ದು ಜುಲೈ 29ರಂದು. ಅಷ್ಟು ವರ್ಷ ಸಂಡೂರಿನ ಬೆಟ್ಟಗಳನ್ನೇ ಅಗೆದು ಲಾರಿಗಳಲ್ಲಿ ಸಾಗಿಸಿದರು. ಕೆಂಪು ಧೂಳು ಹೊಸಪೇಟೆಯ ಮನೆಮನೆಯೊಳಗೆ, ಹೊಲದ ಬೆಳೆಯ ಮೇಲೆ, ಮಕ್ಕಳ ಎದೆಗೂಡಿನೊಳಗೆ ಕೂತಿತು. ಕುಮಾರಸ್ವಾಮಿ ಬೆಟ್ಟದ ಹಳೆಯ ಗುಡಿಗಳ ಸುತ್ತಲೂ ಸ್ಫೋಟ ನಡೆಯಿತು. ಆ ಬೆಟ್ಟ ತಿಂದವರನ್ನು ಅತಿಕ್ರಮಣದಾರರು ಎಂದು ಕರೆಯಲು ಒಂದು ದಶಕ ಬೇಕಾಯಿತು. ಬಜಾರಿನ ಚಹಾದಂಗಡಿಯವನನ್ನು ಹಾಗೆ ಕರೆಯಲು ಒಂದು ನೋಟೀಸು ಸಾಕಾಯಿತು.

ಹೊಳೆಯ ಆ ದಂಡೆಯ ಕಥೆಯನ್ನೂ ನೋಡಿರಿ. ಪಾಯೆಸ್ ಇಲ್ಲಿ ಜನ ಹೊಳೆ ದಾಟುವುದನ್ನು ನೋಡಿ ಬರೆದಿದ್ದಾನೆ: ಬುಟ್ಟಿಯ ಹಾಗೆ ದುಂಡಗಿನ ದೋಣಿಗಳು, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ದನ ಕುದುರೆಗಳನ್ನೂ ಸಾಗಿಸುತ್ತಾರೆ. ಇದು ನಮ್ಮ ಹರಿಗೋಲು. ಬೆತ್ತ ಬಿದಿರು ಹೆಣೆದವರು ಮೇದರು, ತೊಗಲು ಹದ ಮಾಡಿದವರು ಮಾದಿಗರು, ಹುಟ್ಟು ಹಾಕಿದವರು ಅಂಬಿಗರು. ರಾಯರ ಕುದುರೆಗಳು ಹೊಳೆ ದಾಟಿದ್ದು ಮುಟ್ಟಿಸಿಕೊಳ್ಳದವರು ಹದ ಮಾಡಿದ ತೊಗಲಿನ ಮೇಲೆ. ಹೊಳೆಯ ನೀರು ಆ ತೊಗಲನ್ನು ಮುಟ್ಟಿ ಮೈಲಿಗೆಯಾಗಲಿಲ್ಲ, ಅದೇ ನೀರು ತಂದು ಅಭಿಷೇಕ ಮಾಡಿದರು! ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ. ಹರಿಗೋಲು ಪ್ರವಾಸಿಗಳನ್ನು ಕೂರಿಸಿ ಗಿರಗಿರ ತಿರುಗಿಸುವ ಆಟಿಕೆಯಾಗಿದೆ.

ಊರಿನವರಿಗೆ ಆಟಿಕೆ ಸಾಕಾಗುವುದಿಲ್ಲ. ಮಳೆಗಾಲದಲ್ಲಿ ಆಣೆಕಟ್ಟಿನಿಂದ ನೀರು ಬಿಟ್ಟರೆ ಹರಿಗೋಲು ನಿಲ್ಲುತ್ತದೆ, ಬಸುರಿ ಹೆಂಗಸು ಆಸ್ಪತ್ರೆಗೆ ಹೋಗಲು ಗಂಗಾವತಿ ಕಡೆಯಿಂದ ಸುತ್ತಿ ಬರಬೇಕು. ಆದ್ದರಿಂದ ಆನೆಗೊಂದಿಗೆ ಸೇತುವೆ ಬೇಕು ಎಂದು ಜನ ಕೇಳಿದರು. ಕಟ್ಟಲು ಶುರುವೂ ಆಯಿತು. ಯುನೆಸ್ಕೋ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು, ಆನೆಗೊಂದಿಯ ಸೇತುವೆ, ವಿರೂಪಾಪುರ ಗಡ್ಡೆಯ ತೂಗುಸೇತುವೆ ಎರಡೂ ದೃಶ್ಯ ಕೆಡಿಸುತ್ತವೆ ಎಂದು. ಅವರ ಮಾತು ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಲಾರಿ ಓಡಾಟ ಸ್ಮಾರಕಗಳ ನಡುವೆ ಬಂದಿದ್ದರೆ ಉಳಿಯುತ್ತಿದ್ದದ್ದು ಕಡಿಮೆ. ಆದರೆ ದೃಶ್ಯ ಯಾರ ಕಣ್ಣಿಗೆ, ಸುತ್ತುದಾರಿ ಯಾರ ಕಾಲಿಗೆ ಎಂಬ ಪ್ರಶ್ನೆಯನ್ನು ಪ್ಯಾರಿಸಿನಲ್ಲೂ ಕೇಳಲಿಲ್ಲ, ಬೆಂಗಳೂರಿನಲ್ಲೂ ಕೇಳಲಿಲ್ಲ. ತೂಗುಸೇತುವೆ ಬಿಚ್ಚಿದರು. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು. ಅರ್ಧಕ್ಕೆ ನಿಂತು, ಮತ್ತೆ ಶುರುವಾದ ಆನೆಗೊಂದಿ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಕೆಲಸದವರು ಹೊಳೆಗೆ ಬಿದ್ದು ಸತ್ತರು. ಮುರಿದ ಸೇತುವೆಯ ಕಂಬಗಳು ವಿಶ್ವಪರಂಪರೆಯ ಚಿತ್ರದಲ್ಲಿ ಬಹಳ ಕಾಲ ಹಾಗೇ ನಿಂತಿದ್ದವು. ಆಮೇಲೆ ಕೆಳಗಡೆ ಬುಕ್ಕಸಾಗರ ಕಡೆಬಾಗಿಲು ನಡುವೆ ಸೇತುವೆ ಆಯಿತು. ಐನೂರು ವರ್ಷದ ಹಿಂದೆ ಕೆರೆಯ ಏರಿಗೆ ಅರವತ್ತು ಜನ ಹೋದರು, ಈ ಸೇತುವೆಗೆ ಇವರು ಹೋದರು. ವಿಜಯನಗರದ ಪರಂಪರೆ ಮುಂದುವರಿದಿದೆ ಎಂದು ಹೇಳುವವರು ಇದನ್ನೂ ಸೇರಿಸಿಕೊಳ್ಳಲಿ.

ವಿರೂಪಾಪುರ ಗಡ್ಡೆಯಲ್ಲಿ ಭತ್ತದ ಗದ್ದೆಗಳು ಇದ್ದವು. ಗದ್ದೆಗಳ ನಡುವೆ ಗುಡಿಸಲು ಬಂದವು, ಗುಡಿಸಲು ಹೋಟೆಲಾಯಿತು, ಹೋಟೆಲು ರೆಸಾರ್ಟಾಯಿತು. ಹಿಪ್ಪಿಗಳು ಬಂದರು, ಆಮೇಲೆ ಬೆಂಗಳೂರು ಹೈದರಾಬಾದುಗಳ ಕಂಪ್ಯೂಟರ್ ಹುಡುಗರು ಬಂದರು. ಗಾಂಜಾ, ಬಿಯರು, ರಾತ್ರಿಯೆಲ್ಲ ಸಂಗೀತ. ಭತ್ತ ನಾಟಿ ಮಾಡುತ್ತಿದ್ದ ಹೆಂಗಸರು ಪಾತ್ರೆ ತೊಳೆಯಲು, ಹಾಸಿಗೆ ಬಟ್ಟೆ ಒಗೆಯಲು ಹೋದರು. ನಾಟಿಯ ಕೂಲಿಗಿಂತ ಅದು ಹೆಚ್ಚು ಸಿಗುತ್ತಿತ್ತು ಎಂಬುದನ್ನು ನಾವು ಮರೆಮಾಚಬಾರದು. ಹಳ್ಳಿಯ ಬದುಕು ಹಾಳಾಯಿತು ಎಂದು ಕೊರಗುವ ಕವಿಗಳು ಗೌಡರ ಗದ್ದೆಯಲ್ಲಿ ಒಂದು ದಿನ ಬಗ್ಗಿ ನೋಡಲಿ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಗಡ್ಡೆಯ ಕಟ್ಟಡಗಳು ಕಾನೂನಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು, ಮಾರ್ಚಿನಲ್ಲಿ ಎಲ್ಲ ಒಡೆದುಹಾಕಿದರು. ಹಿಂದೆಯೇ ಕೊರೋನಾ ಬಂತು. ರೆಸಾರ್ಟಿನ ಮಾಲೀಕ ಬೇರೆ ಕಡೆ ಜಾಗ ಹುಡುಕಿಕೊಂಡ, ಪಾತ್ರೆ ತೊಳೆಯುತ್ತಿದ್ದವಳಿಗೆ ಗದ್ದೆಯೂ ಇರಲಿಲ್ಲ, ಪಾತ್ರೆಯೂ ಇರಲಿಲ್ಲ. ವ್ಯಾಪಾರ ಸಣಾಪುರ, ಹನುಮನಹಳ್ಳಿ, ಆನೆಗೊಂದಿಯ ಕಡೆ ಸರಿಯಿತು. 2025ರ ಮಾರ್ಚಿನಲ್ಲಿ ಸಣಾಪುರದ ಕಾಲುವೆಯ ದಂಡೆಯ ಮೇಲೆ ಇಬ್ಬರು ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು, ಕಾಲುವೆಗೆ ತಳ್ಳಿಸಿಕೊಂಡ ಒಬ್ಬ ಪ್ರವಾಸಿ ಸತ್ತ. ಆ ಇಬ್ಬರಲ್ಲಿ ಒಬ್ಬಳು ವಿದೇಶದವಳು, ಇನ್ನೊಬ್ಬಳು ಹೋಂಸ್ಟೇ ನಡೆಸುವವಳು. ಪ್ರವಾಸೋದ್ಯಮಕ್ಕೆ ಕೆಟ್ಟ ಹೆಸರು ಬಂತು ಎಂಬ ಮಾತೇ ಹೆಚ್ಚು ಕೇಳಿತು, ಹೆಣ್ಣಿನ ಮಾತು ಕಡಿಮೆ ಕೇಳಿತು.

ಹೊಳೆಯ ಸ್ಥಿತಿ ಕೇಳಬೇಡಿರಿ. ಮೇಲೆ ಕಾರ್ಖಾನೆ, ಊರುಗಳ ಕೊಳಕು, ಕೆಳಗೆ ಹೋಟೆಲುಗಳ ಬಚ್ಚಲ ನೀರು, ಪುಣ್ಯಸ್ನಾನಕ್ಕೆ ಬಂದವರು ಬಿಟ್ಟುಹೋದ ಬಟ್ಟೆ, ಶ್ಯಾಂಪೂ ಚೀಟಿ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ರಕ್ಷಣೆಯ ಪ್ರದೇಶ ಎಂದು ಘೋಷಿಸಿದ್ದಾರೆ. ಹಂಪಿಯ ಹೊಳೆಯೂ ಅದರಲ್ಲೇ ಬರುತ್ತದೆ. ನೀರುನಾಯಿಗೆ ಬೇಕಾದ್ದೂ ಅಂಬಿಗನಿಗೆ ಬೇಕಾದ್ದೂ ಒಂದೇ, ಮೀನಿರುವ ಶುದ್ಧ ನೀರು. ಪರಿಸರ ಎಂದರೆ ಪಟ್ಟಣದವರ ಹವ್ಯಾಸ ಎಂದು ನಮ್ಮಲ್ಲಿ ಕೆಲವು ಗೆಳೆಯರು ತಿಳಿದಿದ್ದಾರೆ. ಹೊಳೆ ಕೆಟ್ಟರೆ ಬಾಟಲಿ ನೀರು ಕೊಳ್ಳುವವನಿಗೆ ನಷ್ಟವಿಲ್ಲ. ಇತ್ತ ಗಂಗಾವತಿ ಸುತ್ತಿನಲ್ಲಿ ಹಂಪಿಯ ಬೆಟ್ಟಗಳ ಒಡಹುಟ್ಟಿದ ಬೆಟ್ಟಗಳನ್ನೇ ಕ್ವಾರಿಯವರು ಸೀಳಿ ಸಾಗಿಸಿದರು. ಸೀಳುವ ಕೈ ಅದೇ ಹಳೆಯ ಕೈ. ಆಗ ಗುಡಿಗೆ, ಈಗ ಯಾವುದೋ ದೂರದ ಊರಿನ ಅಡುಗೆಮನೆಯ ಕಟ್ಟೆಗೆ.

ಉತ್ಸವದ ಬಗ್ಗೆ ಒಂದು ಮಾತು. ಎಂ. ಪಿ. ಪ್ರಕಾಶರ ಮುತುವರ್ಜಿಯಿಂದ ಶುರುವಾದ ಹಂಪಿ ಉತ್ಸವದಲ್ಲಿ ಜಾನಪದ ಕಲಾವಿದರಿಗೆ ಜಾಗ ಇರಬೇಕು ಎಂಬ ಆಸೆ ಇತ್ತು, ಅದನ್ನು ಒಪ್ಪಬೇಕು. ಈಗ ಜಾನಪದ ವಾಹಿನಿಯಲ್ಲಿ ಹಲಗೆ, ಡೊಳ್ಳು ಬಾರಿಸುತ್ತ ನಮ್ಮವರು ಬಿಸಿಲಲ್ಲಿ ಮೈಲಿಗಟ್ಟಲೆ ನಡೆಯುತ್ತಾರೆ. ರಾತ್ರಿಯ ದೊಡ್ಡ ವೇದಿಕೆ ಸಿನಿಮಾದವರಿಗೆ. ಸತ್ತ ಎಮ್ಮೆ ಹೊರುವುದಿಲ್ಲ, ಹಲಗೆ ಬಾರಿಸುವುದಿಲ್ಲ ಎಂದು ಊರೂರಲ್ಲಿ ಪ್ರತಿಜ್ಞೆ ಮಾಡಿದ ಚಳವಳಿ ನಮ್ಮದು. ಅದೇ ಹಲಗೆ ಸರ್ಕಾರದ ಮೆರವಣಿಗೆಯಲ್ಲಿ ‘ಕಲೆ’ಯಾಗಿದೆ. ಕಲೆಯಾಗಲಿ, ಸಂಭಾವನೆಯೂ ಕಲೆಗಾರನದಾಗಬೇಕಲ್ಲ? 2023ರ ಜುಲೈನಲ್ಲಿ ಜಿ-20 ದೇಶಗಳ ಪ್ರತಿನಿಧಿಗಳು ಹಂಪಿಗೆ ಬಂದಾಗ ಸಂಡೂರಿನ ಲಂಬಾಣಿ ಹೆಂಗಸರು ಹಾಕಿದ ಕಸೂತಿಯ 1755 ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಆ ಸಲ ಕಡೇಪಕ್ಷ ಕೈಕೆಲಸವನ್ನು ಲೆಕ್ಕ ಹಾಕಿದರು. ಗೆಜ್ಜಲ ಮಂಟಪದಿಂದ ವಿಠ್ಠಲ ಗುಡಿಗೆ ಬ್ಯಾಟರಿ ಗಾಡಿ ಓಡಿಸುವವರು ಅಲ್ಲಿನ ಹೆಣ್ಣುಮಕ್ಕಳು. ಪ್ರವಾಸೋದ್ಯಮದಿಂದ ಹಂಪಿ ಸೀಮೆಗೆ ಬಂದ ಒಳ್ಳೆಯದನ್ನು ತೋರಿಸು ಎಂದರೆ ನಾನು ಮೊದಲು ತೋರಿಸುವುದು ಆ ಚಾಲಕಿಯರನ್ನು. ಸಂಬಳ ಎಷ್ಟು, ಕಾಯಮೋ ಗುತ್ತಿಗೆಯೋ ಎಂಬುದನ್ನು ಸಂಘಟನೆಯ ಗೆಳೆಯರು ವಿಚಾರಿಸಬೇಕು.

ಬಜಾರಿನ ಹಿಂದೆ ಇನ್ನೂ ಉಳಿದಿರುವ ಕೇರಿಯ ಹೆಸರು ಜನತಾ ಪ್ಲಾಟ್. ಬಡವರಿಗೆ ಸರ್ಕಾರ ನಿವೇಶನ ಹಂಚಿದ ಕಾಲದ ಹೆಸರು ಅದು. ಈಗ ಆ ಹೆಸರು ವಿದೇಶಿಯರ ಕೈಪಿಡಿಗಳಲ್ಲಿ ಅಗ್ಗದ ಕೋಣೆ ಸಿಗುವ ಬೀದಿಯಾಗಿ ಅಚ್ಚಾಗಿದೆ. ಮನೆಯವರು ಒಳಗಿನ ಒಂದು ಕೋಣೆಯಲ್ಲಿ ಒತ್ತೊತ್ತಾಗಿ ಮಲಗಿ ಮಿಕ್ಕ ಕೋಣೆ ಬಾಡಿಗೆಗೆ ಕೊಡುತ್ತಾರೆ. ಅಮೇರಿಕದ ದೊಡ್ಡ ಪತ್ರಿಕೆಯೊಂದು 2019ರಲ್ಲಿ ನೋಡಲೇಬೇಕಾದ 52 ಜಾಗಗಳಲ್ಲಿ ಹಂಪಿಗೆ ಎರಡನೆಯ ಸ್ಥಾನ ಕೊಟ್ಟಿತು. ಬಂದವರು ಮಲಗುವುದು ಇವರು ಬಿಟ್ಟುಕೊಟ್ಟ ಕೋಣೆಯಲ್ಲಿ. ಬಜಾರಿಗೆ ಬಂದ ಯಂತ್ರ ಇಲ್ಲಿಗೆ ಯಾವತ್ತು ಬರುತ್ತದೆ ಎಂಬುದು ಇವರ ದಿನನಿತ್ಯದ ಮಾತು. ‘ಎರಡನೇ ನಂಬರ್ ಬಂತಂತಲ್ರಿ, ಹಕ್ಕುಪತ್ರ ಯಾವಾಗ ಬರತದ?’